ಮದ್ದು ನಾಟುತ್ತದೋ ಇಲ್ಲವೋ, ರಕ್ತ ಮೊದಲೇ ಹೇಳೀತೇ?

ಓದುಗರ ಪ್ರಶ್ನೆ, ತಜ್ಞರ ಉತ್ತರ. ಈ ಸಲದ ವಿಷಯ: ಡುಶೆನ್ ಸ್ನಾಯುಕ್ಷಯ (ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಇಲ್ಲದೆ ಹುಡುಗರ ಸ್ನಾಯು ಸವೆಯುವ ಆನುವಂಶಿಕ ಕಾಯಿಲೆ), ಸ್ಟಿರಾಯ್ಡ್ ಮತ್ತು ಬಯೋಮಾರ್ಕರ್‌ಗಳು

ಪ್ರಶ್ನೆ: ನಮ್ಮ ಮಗನಿಗೆ ಐದು ವರ್ಷ. ಮೆಟ್ಟಿಲು ಹತ್ತಲು ಕಂಬಿ ಬೇಕು, ನೆಲದಿಂದ ಏಳಲು ತೊಡೆಯ ಮೇಲೆ ಕೈಯೂರುತ್ತಾನೆ. ಜೀನ್ ಪರೀಕ್ಷೆಯಲ್ಲಿ ಡಿಸ್ಟ್ರೋಫಿನ್ ಜೀನಿನ 45ರಿಂದ 50ರವರೆಗಿನ ಎಕ್ಸಾನ್‌ಗಳು, ಅಂದರೆ ಜೀನಿನ ಸಂಕೇತದ ತುಣುಕುಗಳು, ಬಿಟ್ಟುಹೋಗಿವೆ ಎಂದು ಬಂದಿದೆ. ಡಾಕ್ಟರು ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಶುರು ಮಾಡೋಣ ಎನ್ನುತ್ತಿದ್ದಾರೆ. ಅಡ್ಡಪರಿಣಾಮಗಳ ಪಟ್ಟಿ ಓದಿ ಹೆದರಿಕೆಯಾಗಿದೆ. ಈ ಮದ್ದು ಇವನಿಗೆ ನಾಟುತ್ತದೆಯೇ ಎಂದು ಮೊದಲೇ ತಿಳಿಸುವ ರಕ್ತಪರೀಕ್ಷೆ ಇದೆಯೇ?

ಉತ್ತರ: ಇಲ್ಲ. ಒಬ್ಬ ಹುಡುಗನಿಗೆ ಸ್ಟಿರಾಯ್ಡ್ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸಲು ಆಧಾರವಾಗುವಂಥ ರಕ್ತಪರೀಕ್ಷೆಯಾಗಲಿ ಜೀನ್ ಪರೀಕ್ಷೆಯಾಗಲಿ ಇವತ್ತಿಗೆ ಬಳಕೆಯಲ್ಲಿಲ್ಲ. ಹಾಗಂತ ಅಂಥದ್ದೊಂದು ಬರಲಿ ಎಂದು ಕಾಯಬೇಡಿ. ಮಗುವಿನ ಶಕ್ತಿ ಇಳಿಯಲು ಶುರುವಾಗುವ ಮೊದಲೇ ಸ್ಟಿರಾಯ್ಡ್ ಕೊಡುವುದು ಈಗಿನ ಪದ್ಧತಿ, ನಿಮ್ಮ ಮಗ ಸರಿಯಾಗಿ ಆ ಘಟ್ಟದಲ್ಲಿದ್ದಾನೆ.

ಈ ಕಾಯಿಲೆಯಲ್ಲಿ ಸ್ಟಿರಾಯ್ಡ್ ಒಬ್ಬರಿಗೆ ಪೂರ್ತಿ ನಾಟಿ ಇನ್ನೊಬ್ಬರಿಗೆ ಪೂರ್ತಿ ಸೋಲುವ ಮದ್ದಲ್ಲ. ಹೆಚ್ಚಿನ ಮಕ್ಕಳಿಗೆ ಒಂದಿಷ್ಟು ಲಾಭ ಇದ್ದೇ ಇರುತ್ತದೆ, ಎಷ್ಟು ಎಂಬುದರಲ್ಲಿ ವ್ಯತ್ಯಾಸ. 1989ರಲ್ಲಿ ಪ್ರಕಟವಾದ 103 ಹುಡುಗರ ಪ್ರಯೋಗದಲ್ಲಿ ಒಂದೇ ತಿಂಗಳಲ್ಲಿ ಶಕ್ತಿ ಹೆಚ್ಚಿದ್ದು ಅಳತೆಗೆ ಸಿಕ್ಕಿತು, ಮೂರು ತಿಂಗಳ ಹೊತ್ತಿಗೆ ಅದು ಗರಿಷ್ಠಕ್ಕೆ ಬಂತು. 440 ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಸ್ಟಿರಾಯ್ಡ್ ತೆಗೆದುಕೊಂಡವರು ನಡೆಯುವುದು, ಏಳುವುದು ಮುಂತಾದ ಸಾಮರ್ಥ್ಯಗಳನ್ನು ಕಳೆದುಕೊಂಡದ್ದು, ಅದನ್ನು ಬಹುಮಟ್ಟಿಗೆ ಮುಟ್ಟದವರಿಗಿಂತ 2.1ರಿಂದ 4.4 ವರ್ಷ ತಡವಾಗಿ. ಕೈಗಳ ವಿಷಯದಲ್ಲಿ ಈ ಅಂತರ ಇನ್ನೂ ದೊಡ್ಡದು, 2.8ರಿಂದ 8 ವರ್ಷ.

ಪರೀಕ್ಷೆ ಏಕೆ ಇಲ್ಲ ಎಂಬುದಕ್ಕೆ ಕಾರಣ ಪ್ರಯೋಗಶಾಲೆಯ ಸೋಮಾರಿತನವಲ್ಲ, ಲೆಕ್ಕದ ತೊಡಕು. ಬಯೋಮಾರ್ಕರ್ ಎಂಬ ಒಂದೇ ಹೆಸರಿನಡಿ ಬೇರೆಬೇರೆ ಕೆಲಸದ ಸೂಚಕಗಳಿವೆ. ಮಾತ್ರೆ ಕೊಡಲಿ ಬಿಡಲಿ, ಕಾಯಿಲೆ ಈ ಮಗುವಿನಲ್ಲಿ ಎಷ್ಟು ವೇಗವಾಗಿ ಸಾಗುತ್ತದೆ ಎಂದು ಹೇಳುವುದು ಒಂದು ಬಗೆ. ಮಾತ್ರೆ ಕೊಟ್ಟರೆ ಆ ವೇಗ ಎಷ್ಟು ತಗ್ಗುತ್ತದೆ ಎಂದು ಮುಂಚಿತವಾಗಿ ಹೇಳುವುದು ಎರಡನೆಯದು, ನೀವು ಕೇಳುತ್ತಿರುವುದು ಇದನ್ನೇ. ಕೊಟ್ಟ ಮೇಲೆ ಮದ್ದು ದೇಹದಲ್ಲಿ ಕೆಲಸ ಮಾಡುತ್ತಿದೆ ಎಂದು ತೋರಿಸುವುದು ಮೂರನೆಯದು. ಎರಡನೆಯದನ್ನು ಸಾಬೀತು ಮಾಡಬೇಕಾದರೆ ನಾಲ್ಕು ಗುಂಪು ಬೇಕು: ಸೂಚಕ ಇದ್ದು ಮದ್ದು ಪಡೆದವರು, ಸೂಚಕ ಇದ್ದೂ ಮದ್ದು ಪಡೆಯದವರು, ಸೂಚಕ ಇಲ್ಲದೆ ಮದ್ದು ಪಡೆದವರು, ಎರಡೂ ಇಲ್ಲದವರು. ಇವತ್ತು ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಸ್ಟಿರಾಯ್ಡ್ ಮೇಲಿದ್ದಾರೆ. ಮದ್ದಿಲ್ಲದ ಎರಡು ಗುಂಪುಗಳು ಖಾಲಿ. ಹಾಗಾಗಿ ಸ್ಟಿರಾಯ್ಡ್ ಪಡೆದವರ ಪೈಕಿ ಚೆನ್ನಾಗಿ ನಡೆಯುತ್ತಿರುವ ಹುಡುಗರಲ್ಲಿ ಯಾವುದಾದರೂ ಸೂಚಕ ಕಂಡರೆ, ಅದು ಮದ್ದಿನ ಫಲವನ್ನು ಹೇಳುತ್ತಿದೆಯೋ ಕಾಯಿಲೆಯ ಸೌಮ್ಯತೆಯನ್ನು ಹೇಳುತ್ತಿದೆಯೋ ಎಂದು ಬಿಡಿಸುವುದು ಕಷ್ಟ. 'ಸ್ಟಿರಾಯ್ಡ್ ಪ್ರತಿಕ್ರಿಯೆಯ ಸೂಚಕ ಪತ್ತೆ' ಎಂಬ ಸುದ್ದಿ ಓದಿದಾಗಲೆಲ್ಲ ಈ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಿ.

ಶುರು ಮಾಡುವ ಮುನ್ನ ಮಾಡಿಸಬೇಕಾದ ಕೆಲಸ ಬೇರೆಯೇ ಇದೆ: ಎತ್ತರ, ತೂಕ, ರಕ್ತದೊತ್ತಡ, ಕಣ್ಣಿನ ಪೊರೆಯ ತಪಾಸಣೆ, ಸಕ್ಕರೆ, ವಿಟಮಿನ್ ಡಿ, ಬೆನ್ನುಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮತ್ತು ಪಕ್ಕದಿಂದ ತೆಗೆದ ಎಕ್ಸ್‌ರೇ, ಕ್ಷಯದ ಸೋಂಕಿನ ಪರೀಕ್ಷೆ. ಸಿಡುಬಿನಂಥ ಗುಳ್ಳೆ ಬರುವ ಚಿಕನ್‌ಪಾಕ್ಸ್ ಲಸಿಕೆ ಆಗಿಲ್ಲದಿದ್ದರೆ ಈಗಲೇ ಹಾಕಿಸಿ. ಅದು ಜೀವಂತ ವೈರಸ್ಸಿನ ಲಸಿಕೆ, ಸ್ಟಿರಾಯ್ಡ್ ಪೂರ್ಣ ಪ್ರಮಾಣಕ್ಕೆ ಬಂದ ಮೇಲೆ ಕೊಡುವಂತಿಲ್ಲ.

ಪ್ರಶ್ನೆ: ಸ್ಟಿರಾಯ್ಡ್ ಶುರು ಮಾಡುವ ಮೊದಲು ಸಿ.ಪಿ.ಕೆ. 18,400 ಇತ್ತು. ಮೂರು ತಿಂಗಳ ನಂತರ 14,900. ಮದ್ದು ಹಿಡಿದಿದೆ ಎಂದು ಅರ್ಥವೇ?

ಉತ್ತರ: ಅಲ್ಲ. ಏರಿದ್ದರೂ 'ಹಿಡಿದಿಲ್ಲ' ಎಂದು ಅರ್ಥವಾಗುತ್ತಿರಲಿಲ್ಲ.

ಸಿ.ಪಿ.ಕೆ. ಸ್ನಾಯುಕೋಶದ ಒಳಗಿರುವ ಕಿಣ್ವ. ಡಿಸ್ಟ್ರೋಫಿನ್ ಇಲ್ಲದ ಕೋಶದ ಪೊರೆ ಹರಿದಾಗ ರಕ್ತಕ್ಕೆ ಸೋರುತ್ತದೆ. ಹಿಂದಿನ ಸಂಜೆ ಹುಡುಗ ಓಡಿದನೋ, ಇಳಿಜಾರಿನಲ್ಲಿ ಇಳಿದನೋ, ಜ್ವರದಿಂದ ಮಲಗಿದ್ದನೋ ಎಂಬುದರ ಮೇಲೆ ಅದು ಸಾವಿರಗಟ್ಟಲೆ ಏರಿಳಿಯುತ್ತದೆ. ನಿಮ್ಮ 3,500ರ ಅಂತರ ಆ ಏರಿಳಿತದೊಳಗೇ ಬರುತ್ತದೆ. ಮದ್ದು ಚೆನ್ನಾಗಿ ಕೆಲಸ ಮಾಡಿ ಹುಡುಗ ಹೆಚ್ಚು ಆಡತೊಡಗಿದರೆ ಸಿ.ಪಿ.ಕೆ. ಏರಲೂಬಹುದು. ಇನ್ನೊಂದು ಕಡೆ, ವರ್ಷಗಳು ಉರುಳಿದಂತೆ ಸ್ನಾಯುವಿನ ಜಾಗಕ್ಕೆ ಕೊಬ್ಬು ಬರುತ್ತದೆ, ಸೋರಲು ಸ್ನಾಯುವೇ ಉಳಿಯುವುದಿಲ್ಲ. ಹದಿನೈದರ ಹುಡುಗನಲ್ಲಿ 3,000 ಬಂದರೆ ಅದು ಸಿಹಿಸುದ್ದಿಯಲ್ಲ. ರೋಗ ಗುರುತಿಸಲು ಸಿ.ಪಿ.ಕೆ.ಯಷ್ಟು ಒಳ್ಳೆಯ ಪರೀಕ್ಷೆ ಇಲ್ಲ, ಮದ್ದಿನ ಫಲ ಅಳೆಯಲು ಇಷ್ಟು ಕೆಟ್ಟದ್ದೂ ಇಲ್ಲ.

ಅದೇ ವರದಿಯಲ್ಲಿ, ಸಾಮಾನ್ಯವಾಗಿ ಯಕೃತ್ತಿನ ಪರೀಕ್ಷೆಗೆಂದು ನೋಡುವ ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ. ಕಿಣ್ವಗಳು ಹೆಚ್ಚಿದ್ದರೆ ಸ್ಟಿರಾಯ್ಡ್ ಯಕೃತ್ತನ್ನು ಕೆಡಿಸಿತು ಎಂದು ಗಾಬರಿಬೀಳಬೇಡಿ. ಅವೂ ಸ್ನಾಯುವಿನಿಂದಲೇ ಸೋರುತ್ತವೆ. ಯಕೃತ್ತಿನ ಬಗ್ಗೆ ಅನುಮಾನವಿದ್ದರೆ ಜಿ.ಜಿ.ಟಿ. ನೋಡಬೇಕು, ಅದು ಸ್ನಾಯುವಿನಲ್ಲಿ ಇಲ್ಲ. ಮೂತ್ರಪಿಂಡಕ್ಕೂ ಇಂಥದೇ ಬಲೆ ಇದೆ. ಮೂತ್ರಪಿಂಡದ ಪರೀಕ್ಷೆಗೆ ನೋಡುವ ಕ್ರಿಯಾಟಿನಿನ್ ಸ್ನಾಯುವಿನಿಂದ ಬರುವಂಥದ್ದು; ಸ್ನಾಯು ಕಡಿಮೆ ಇರುವುದರಿಂದ ಅದು ಯಾವಾಗಲೂ ಕಡಿಮೆ, ಮೂತ್ರಪಿಂಡ ಸೋತರೂ ವರದಿ 'ಸಹಜ' ಎನ್ನಬಹುದು. ಅದಕ್ಕೆ ಬದಲಾಗಿ ಸಿಸ್ಟಾಟಿನ್ ಸಿ ಮಾಡಿಸುತ್ತಾರೆ. ಆದರೆ ಸ್ಟಿರಾಯ್ಡ್ ತಾನಾಗಿಯೇ ಸಿಸ್ಟಾಟಿನ್ ಸಿಯನ್ನು ಸ್ವಲ್ಪ ಏರಿಸುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ರಕ್ತ ಹೇಳದಿದ್ದರೆ ಮದ್ದು ಕೆಲಸ ಮಾಡುತ್ತಿದೆ ಎಂದು ತಿಳಿಯುವುದು ಹೇಗೆ? ಮನೆಯಲ್ಲೇ ನೋಡಬಹುದೇ?

ಉತ್ತರ: ನೋಡಬಹುದು. ಬೇಕಾದ್ದು ಒಂದು ಮೊಬೈಲ್, ಗಟ್ಟಿ ನೆಲ, ಅಳತೆ ಟೇಪು. ಆದರೆ ಹೇಗೆಂದರೆ ಹಾಗೆ ಅಳೆದರೆ ಸಿ.ಪಿ.ಕೆ.ಯಷ್ಟೇ ನಿರರ್ಥಕ.

ಮೊದಲನೆಯದು ನೆಲದಿಂದ ಏಳುವ ಹೊತ್ತು. ಹುಡುಗ ಬರಿಗಾಲಲ್ಲಿ ಅಂಗಾತ ಮಲಗಬೇಕು, ಕೈಗಳು ಪಕ್ಕದಲ್ಲಿ. 'ಏಳು' ಎಂದ ಕ್ಷಣದಿಂದ, ನೆಟ್ಟಗೆ ನಿಂತು ಎರಡೂ ಕೈ ತೊಡೆಬಿಟ್ಟು ಪಕ್ಕಕ್ಕೆ ಬರುವವರೆಗೆ ವಿಡಿಯೋ ಮಾಡಿ, ಹೊತ್ತನ್ನು ಆಮೇಲೆ ವಿಡಿಯೋದಿಂದ ಎಣಿಸಿ. ಸ್ಟಾಪ್‌ವಾಚ್ ಒತ್ತುವ ಕೈಯ ತಡ ಹೀಗೆ ತಪ್ಪುತ್ತದೆ. ಎರಡು ಸಲ ಮಾಡಿಸಿ ಉತ್ತಮವಾದದ್ದನ್ನು ಬರೆದಿಡಿ. ಗೋಡೆ ಅಥವಾ ಕುರ್ಚಿ ಹಿಡಿದನೇ, ಮಗುಚಿಕೊಂಡು ಎದ್ದನೇ ಎಂಬುದನ್ನೂ ಬರೆಯಿರಿ. ಅದೇ ಐದು ಸೆಕೆಂಡು ಕುರ್ಚಿ ಹಿಡಿದು ಬಂದರೆ ಅದು ಬೇರೆ ಐದು ಸೆಕೆಂಡು.

ಎರಡನೆಯದು ಹತ್ತು ಮೀಟರ್ ಓಟ. 10 ಮೀಟರಿನ ಗೆರೆಯಾಚೆ ಇನ್ನೂ ಎರಡು ಮೀಟರ್ ಜಾಗ ಬಿಡಿ, ಇಲ್ಲದಿದ್ದರೆ ಮಕ್ಕಳು ಗೆರೆಯ ಹತ್ತಿರ ತಾವಾಗಿ ನಿಧಾನಿಸುತ್ತಾರೆ. ಅದೇ ನೆಲ, ದಿನದ ಅದೇ ಹೊತ್ತು, ವ್ಯಾಯಾಮಕ್ಕೆ ಮೊದಲು. ಜ್ವರ ಬಂದುಹೋದ ಎರಡು ವಾರ ಅಳೆಯಬೇಡಿ. ಮೂರು ತಿಂಗಳಿಗೊಮ್ಮೆ ಸಾಕು. ದಿನಾ ಅಳೆದರೆ ಅವನಿಗೂ ಬೇಸರ, ನಿಮಗೂ ದಿಗಿಲು.

ಲೆಕ್ಕ ಹಾಕುವಾಗ ಸೆಕೆಂಡನ್ನಲ್ಲ, ವೇಗವನ್ನು ನೋಡಿ, ಅಂದರೆ ಒಂದನ್ನು ಸೆಕೆಂಡುಗಳಿಂದ ಭಾಗಿಸಿ. 4 ಸೆಕೆಂಡು 5 ಆದರೆ ವೇಗ 0.25ರಿಂದ 0.20ಕ್ಕೆ ಇಳಿಯಿತು. 9 ಸೆಕೆಂಡು 10 ಆದರೆ 0.11ರಿಂದ 0.10ಕ್ಕೆ. ಎರಡೂ ಒಂದೇ ಸೆಕೆಂಡು, ಮೊದಲನೆಯದು ದೊಡ್ಡ ನಷ್ಟ. ಇನ್ನೊಂದು ಅನುಕೂಲವೆಂದರೆ, ಏಳಲು ಆಗದೇ ಹೋದ ದಿನ ವೇಗವನ್ನು ಸೊನ್ನೆ ಎಂದು ಬರೆಯಬಹುದು. ಸೆಕೆಂಡಿನಲ್ಲಿ ಅದಕ್ಕೆ ಅಂಕಿಯೇ ಇಲ್ಲ. ದೊಡ್ಡ ಪ್ರಯೋಗಗಳೂ ಈಗ ಹೀಗೇ ಲೆಕ್ಕ ಹಾಕುತ್ತವೆ.

ಆರು ತಿಂಗಳಿಗೊಮ್ಮೆ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ನಾರ್ತ್ ಸ್ಟಾರ್ ಪರೀಕ್ಷೆ ಮಾಡಲಿ. 17 ಚಟುವಟಿಕೆಗಳು, ಪ್ರತಿಯೊಂದಕ್ಕೆ 0, 1 ಅಥವಾ 2, ಒಟ್ಟು 34 ಅಂಕ.

ಒಂದು ಎಚ್ಚರಿಕೆ. ಆರೇಳು ವರ್ಷದೊಳಗಿನ ಮಗು ಕಾಯಿಲೆಯಿದ್ದೂ ಬೆಳವಣಿಗೆಯ ಬಲದಿಂದ ಹೊಸ ಹೊಸ ಕೆಲಸ ಕಲಿಯುತ್ತಿರುತ್ತದೆ. ಐದು ವರ್ಷದಲ್ಲಿ ಶುರುಮಾಡಿದ ಹುಡುಗನ ಅಂಕ ಏರಿದರೆ ಪೂರ್ತಿ ಕೀರ್ತಿ ಮಾತ್ರೆಯದ್ದಲ್ಲ. ಎಂಟು ವರ್ಷದಲ್ಲಿ ಶುರುಮಾಡಿದವನ ಅಂಕ ಏರದೆ ನಿಂತಲ್ಲೇ ನಿಂತರೆ ಅದೇ ದೊಡ್ಡ ಗೆಲುವು.

ಪ್ರಶ್ನೆ: ಒಂದು ಪ್ರಯೋಗಾಲಯ 'ಮಾಡಿಫೈಯರ್ ಜೀನ್' (ಕಾಯಿಲೆಯ ವೇಗವನ್ನು ಹೆಚ್ಚುಕಡಿಮೆ ಮಾಡುವ ಬೇರೆ ಜೀನು) ಪರೀಕ್ಷೆ ಮಾಡಿಕೊಟ್ಟಿದೆ. ಎಸ್‌ಪಿಪಿ1 ಜೀನಿನಲ್ಲಿ ಜಿ ನಮೂನೆ ಇದೆ, ಆದ್ದರಿಂದ ಸ್ಟಿರಾಯ್ಡ್‌ನಿಂದ ಹೆಚ್ಚು ಪ್ರಯೋಜನವಾಗಲಾರದು ಎಂದು ಬರೆದಿದ್ದಾರೆ. ನಿಲ್ಲಿಸಿಬಿಡೋಣವೇ?

ಉತ್ತರ: ನಿಲ್ಲಿಸಬೇಡಿ. ಆ ವಾಕ್ಯ ವಿಜ್ಞಾನಕ್ಕಿಂತ ಎರಡು ಹೆಜ್ಜೆ ಮುಂದೆ ಹೋಗಿದೆ.

ಎಸ್‌ಪಿಪಿ1 ಆಸ್ಟಿಯೋಪಾಂಟಿನ್ ಎಂಬ ಪ್ರೋಟೀನಿನ ಜೀನು. ಉರಿಯೂತ ಮತ್ತು ಸ್ನಾಯುವಿನಲ್ಲಿ ನಾರು ಕಟ್ಟುವ ಕ್ರಿಯೆಯಲ್ಲಿ ಅದರ ಪಾತ್ರವಿದೆ. ಆ ಜೀನಿನ ಮುಂಭಾಗದಲ್ಲಿ ಟಿ ಬದಲು ಜಿ ಅಕ್ಷರ ಇರುವವರು ಸರಾಸರಿ ಸುಮಾರು ಒಂದು ವರ್ಷ ಮೊದಲೇ ನಡಿಗೆ ಕಳೆದುಕೊಳ್ಳುತ್ತಾರೆ ಎಂದು 2011ರಲ್ಲಿ ವರದಿಯಾಯಿತು. ಸ್ಟಿರಾಯ್ಡ್ ಪಡೆದವರಲ್ಲಿ ಈ ಅಂತರ ಎದ್ದು ಕಾಣುತ್ತದೆ ಎಂದು ನಂತರದ ವಿಶ್ಲೇಷಣೆ ಹೇಳಿತು, ನಿಮ್ಮ ವರದಿಯ ವಾಕ್ಯ ಅಲ್ಲಿಂದ ಬಂದಿರಬೇಕು. ಆದರೆ ಬೇರೆ ರೋಗಿಗಳ ಗುಂಪುಗಳಲ್ಲಿ ಹುಡುಕಿದಾಗ ಕೆಲವೆಡೆ ಸಿಕ್ಕಿತು, ಕೆಲವೆಡೆ ಸಿಗಲಿಲ್ಲ.

ಎಲ್‌ಟಿಬಿಪಿ4 ಜೀನಿನ ಪುರಾವೆ ಇದಕ್ಕಿಂತ ಗಟ್ಟಿ. ನಾರು ಕಟ್ಟಲು ಪ್ರಚೋದಿಸುವ ಟಿಜಿಎಫ್ ಬೀಟಾ ಎಂಬ ಸಂಕೇತ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುವುದು ಇದರ ಕೆಲಸ. 254 ರೋಗಿಗಳ ಅಧ್ಯಯನದಲ್ಲಿ, ಈ ಜೀನಿನ ರಕ್ಷಕ ನಮೂನೆ ತಂದೆತಾಯಿ ಇಬ್ಬರಿಂದಲೂ ಬಂದ ಹುಡುಗರು ಸರಾಸರಿ 12.5 ವರ್ಷದವರೆಗೆ ನಡೆದರು, ಉಳಿದವರು 10.7 ವರ್ಷದವರೆಗೆ. ಈಗ ಹರಡಿಕೆಯನ್ನೂ ನೋಡಿ: ಮೊದಲ ಗುಂಪಿನಲ್ಲಿ ಆಚೀಚೆ 3.3 ವರ್ಷ, ಎರಡನೆಯದರಲ್ಲಿ 2.1 ವರ್ಷ. ಎರಡು ಗುಂಪುಗಳು ಒಂದರ ಮೇಲೊಂದು ಬಿದ್ದುಕೊಂಡಿವೆ. ನಿಮ್ಮ ಮಗ ಅದರಲ್ಲಿ ಎಲ್ಲಿ ನಿಲ್ಲುತ್ತಾನೆ ಎಂದು ಸರಾಸರಿ ಹೇಳಲಾರದು. ಸಿಡಿ40, ಟಿಎಚ್‌ಬಿಎಸ್1, ಎಸಿಟಿಎನ್3 ಜೀನುಗಳ ಕಥೆಯೂ ಇದೇ. ಸ್ಟಿರಾಯ್ಡ್ ಹೋಗಿ ಕೂರುವ ಗ್ರಾಹಕದ ಜೀನಾದ ಎನ್‌ಆರ್3ಸಿ1ರಲ್ಲಿ ನೇರ ಉತ್ತರ ಸಿಗುತ್ತದೆಂದು ಎಲ್ಲರಿಗೂ ಆಸೆ ಇತ್ತು. ಅಲ್ಲಿ ಸಿಕ್ಕಿದ್ದು ಸಣ್ಣ ಗುಂಪಿನ ದುರ್ಬಲ ಸುಳಿವು ಮಾತ್ರ.

ಈ ಪರೀಕ್ಷೆಗಳಿಗೆ ಒಂದು ನಿಜವಾದ ಉಪಯೋಗವಿದೆ. ಹೊಸ ಮದ್ದಿನ ಪ್ರಯೋಗ ಮಾಡುವಾಗ, ನಿಧಾನಗತಿಯ ಹುಡುಗರೆಲ್ಲ ಒಂದೇ ಗುಂಪಿಗೆ ಬೀಳದಂತೆ ಹಂಚಲು ಅಥವಾ ಲೆಕ್ಕದಲ್ಲಿ ಸರಿಪಡಿಸಲು. ಒಂದು ಮನೆಯ ನಿರ್ಧಾರಕ್ಕೆ ಅಲ್ಲ.

ಕಾಯಿಲೆಯ ವೇಗದ ಬಗ್ಗೆ ಸುಳಿವು ಬೇಕಿದ್ದರೆ ನಿಮ್ಮ ಕೈಯಲ್ಲಿರುವ ಮೂಲ ಡಿಸ್ಟ್ರೋಫಿನ್ ವರದಿಯನ್ನೇ ಇನ್ನೊಮ್ಮೆ ಓದಿಸಿ. ಪ್ರೋಟೀನ್ ತಯಾರಾಗುವಾಗ ಎಕ್ಸಾನ್ 44ನ್ನು ಹಾರಿಸಿ ಓದಿದರೆ ಸರಿಹೋಗುವಂಥ ಲೋಪಗಳಿದ್ದವರಲ್ಲಿ, ಎಕ್ಸಾನ್ 3ರಿಂದ 7ರವರೆಗಿನ ಲೋಪವಿರುವ ಕೆಲವರಲ್ಲಿ ಕಾಯಿಲೆ ನಿಧಾನವಾಗಿ ಸಾಗುತ್ತದೆ. ಇಂಥವರಲ್ಲಿ ಒಂದಿಷ್ಟು ಡಿಸ್ಟ್ರೋಫಿನ್ ತಾನಾಗಿ ತಯಾರಾಗುತ್ತದೆ.

ಪ್ರಶ್ನೆ: ಒಂದೇ ತೊಟ್ಟು ರಕ್ತದಲ್ಲಿ ಸಾವಿರ ಪ್ರೋಟೀನ್ ಅಳೆದು ಸ್ಟಿರಾಯ್ಡ್ ಸೂಚಕಗಳನ್ನು ಕಂಡುಹಿಡಿದಿದ್ದಾರೆ ಎಂದು ಓದಿದೆ. ಲ್ಯಾಬಿನಲ್ಲಿ ಕೇಳಿದರೆ ಯಾರಿಗೂ ಗೊತ್ತಿಲ್ಲ.

ಉತ್ತರ: ಕಂಡುಹಿಡಿದದ್ದು ನಿಜ, ಲ್ಯಾಬಿನವರಿಗೆ ಗೊತ್ತಿಲ್ಲದಿರುವುದೂ ಸಹಜ. 2015–16ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳನ್ನು ಒಟ್ಟಿಗೆ ಅಳೆಯುವ ವಿಧಾನ ಬಳಸಿದರು. ಜಾಣತನವೆಂದರೆ, ಡುಶೆನ್ ಮಕ್ಕಳ ಜೊತೆಗೆ ಕರುಳಿನ ಉರಿಯೂತಕ್ಕಾಗಿ ಸ್ಟಿರಾಯ್ಡ್ ಪಡೆಯುತ್ತಿದ್ದ ಮಕ್ಕಳ ರಕ್ತವನ್ನೂ ನೋಡಿದರು. ಎರಡೂ ಕಾಯಿಲೆಯಲ್ಲಿ ಒಂದೇ ದಿಕ್ಕಿಗೆ ಬದಲಾದದ್ದು ಮದ್ದಿನ ಕೆಲಸವೇ ಹೊರತು ಕಾಯಿಲೆಯದ್ದಲ್ಲ ಎಂಬ ತರ್ಕ.

ಸಿಕ್ಕಿದ್ದು ಎರಡು ಗುಂಪು. ಸಿಸಿಎಲ್22, ಸಿಡಿ23, ಎಂಎಂಪಿ12ರಂಥ ಉರಿಯೂತದ ಪ್ರೋಟೀನುಗಳು ಕಾಯಿಲೆಯಲ್ಲಿ ಏರಿದ್ದು ಸ್ಟಿರಾಯ್ಡ್ ಕೊಟ್ಟಾಗ ಇಳಿದವು. ಇವು ಒಳ್ಳೆಯ ಪರಿಣಾಮದ ಗುರುತಿರಬಹುದು. ಮೂಳೆ ಕಟ್ಟುವಾಗ ಬರುವ ಆಸ್ಟಿಯೋಕ್ಯಾಲ್ಸಿನ್ ಇಳಿಯುವುದು, ಕೊಬ್ಬಿನಿಂದ ಬರುವ ಲೆಪ್ಟಿನ್ ಏರುವುದು ಇನ್ನೊಂದು ಕಡೆಯದ್ದು, ಅಡ್ಡಪರಿಣಾಮದ ಗುರುತು. ಮೊದಲ ಗುಂಪು ಇಳಿದು ಎರಡನೆಯದು ಅಲುಗಾಡದ ಮದ್ದು ಸಿಕ್ಕರೆ ಅದೇ ಎಲ್ಲರೂ ಹುಡುಕುತ್ತಿರುವ ಸ್ಟಿರಾಯ್ಡ್. ಹೊಸ ಮದ್ದುಗಳನ್ನು ತೂಗಿನೋಡಲು ಇವು ಬಹಳ ಉಪಯುಕ್ತ.

ಆದರೆ ಇವು ನಾನು ಮೊದಲ ಉತ್ತರದಲ್ಲಿ ಹೇಳಿದ ಮೂರನೇ ಬಗೆಯವು. ಸಿಸಿಎಲ್22 ಇಳಿದರೆ ಮಾತ್ರೆ ಹೊಟ್ಟೆಗೆ ಹೋಗಿದೆ, ಗ್ರಾಹಕವನ್ನು ತಟ್ಟಿದೆ ಎಂದು ಗೊತ್ತಾಗುತ್ತದೆ. ಹೆಚ್ಚು ಇಳಿದವನು ಹೆಚ್ಚು ವರ್ಷ ನಡೆಯುತ್ತಾನೆ ಎಂಬುದು ಇನ್ನೂ ಸಾಬೀತಾಗಬೇಕಾದ ಮಾತು.

ಮಾದರಿ ಸಂಗ್ರಹದಲ್ಲಿ ಹಾಳಾಗುವುದೂ ಕಮ್ಮಿಯೇನಲ್ಲ. ರಕ್ತ ಹೆಪ್ಪುಗಟ್ಟುವಾಗ ಬಿಳಿಕಣಗಳೂ ಕಿರುಬಿಲ್ಲೆಗಳೂ ಎಂಎಂಪಿ9ನ್ನು ಹೊರಬಿಡುತ್ತವೆ, ಹಾಗಾಗಿ ಸೀರಮ್ಮಿನ (ಹೆಪ್ಪುಗಟ್ಟಿಸಿದ ಮೇಲೆ ಉಳಿಯುವ ದ್ರವದ) ಅಂಕಿಯನ್ನು ಪ್ಲಾಸ್ಮಾದ (ಹೆಪ್ಪುಗಟ್ಟದಂತೆ ತಡೆದು ತೆಗೆದ ದ್ರವದ) ಅಂಕಿಗೆ ಹೋಲಿಸುವಂತಿಲ್ಲ. ಸೂಜಿ ಎಳೆಯುವಾಗ ಕೆಂಪುಕಣ ಒಡೆದರೆ ಮೈಕ್ರೋ ಆರ್‌ಎನ್‌ಎ ಲೆಕ್ಕವೆಲ್ಲ ತಪ್ಪು. ಮಾತ್ರೆ ನುಂಗಿ ಎರಡು ಗಂಟೆಗೆ ತೆಗೆದ ರಕ್ತ, ಇಪ್ಪತ್ತಮೂರು ಗಂಟೆಗೆ ತೆಗೆದದ್ದು ಒಂದೇ ಅಲ್ಲ. ಸಂಶೋಧನೆಗೆ ರಕ್ತ ಕೊಡುವುದಾದರೆ ಕೊನೆಯ ಮಾತ್ರೆ ನುಂಗಿದ ಹೊತ್ತನ್ನು ನಿಮಿಷದ ಸಮೇತ ಬರೆಸಿ. ಮಾದರಿಯನ್ನು ಮೈನಸ್ 80 ಡಿಗ್ರಿಯಲ್ಲಿ ಸಣ್ಣ ಸಣ್ಣ ಪಾಲು ಮಾಡಿ ಇಡುತ್ತಾರೆಯೇ ಎಂದು ಕೇಳಿ, ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದ ಸೀರಂ ಕೆಲಸಕ್ಕೆ ಬಾರದು.

ಪ್ರಶ್ನೆ: ಮೂರು ವರ್ಷದಿಂದ ಕೊಡುತ್ತಿದ್ದೇವೆ. ಮೊದಲು ಚೆನ್ನಾಗಿದ್ದ, ಈಗ ಒಂದು ವರ್ಷದಿಂದ ಇಳಿಯುತ್ತಿದ್ದಾನೆ. 'ಇವನಿಗೆ ಸ್ಟಿರಾಯ್ಡ್ ಒಗ್ಗಲ್ಲ' ಎಂದು ತೀರ್ಮಾನಿಸಬಹುದೇ?

ಉತ್ತರ: ಅದು ಕಟ್ಟಕಡೆಯ ತೀರ್ಮಾನವಾಗಲಿ. ಮೊದಲು ಸಾಮಾನ್ಯ ಕಾರಣಗಳನ್ನು ಜಾಲಾಡಿ.

ಅತಿ ಹೆಚ್ಚು ಕಾಣುವುದು ತೂಕದೊಂದಿಗೆ ಏರದ ಪ್ರಮಾಣ. ಪ್ರೆಡ್ನಿಸೋಲೋನಿನ ಪೂರ್ಣ ಪ್ರಮಾಣ ದಿನಕ್ಕೆ ಕಿಲೋಗೆ 0.75 ಮಿಲಿಗ್ರಾಂ. 20 ಕಿಲೋ ಇದ್ದಾಗ 15 ಮಿಲಿಗ್ರಾಂ ಸರಿಯೇ. ಈಗ ಅವನು 26 ಕಿಲೋ ಆಗಿ ಅದೇ 15 ನಡೆಯುತ್ತಿದ್ದರೆ ಕಿಲೋಗೆ 0.58 ಆಯಿತು. ಅಡ್ಡಪರಿಣಾಮ ತಡೆಯಲಾರದೆ ಡಾಕ್ಟರೇ ಪ್ರಮಾಣ ಇಳಿಸಿದ್ದರೆ ಅದು ಬೇರೆ ಮಾತು. ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಳಿಸಿ ತಿಂಗಳಲ್ಲಿ ಮತ್ತೆ ನೋಡುವುದು ರೂಢಿ. ಆದರೆ ಕಿಲೋಗೆ 0.3ಕ್ಕಿಂತ ಕೆಳಗೆ ಹೋದರೆ ಉಳಿಯುವ ಲಾಭ ತೀರಾ ಕಡಿಮೆ.

ಮಾತ್ರೆ ಬದಲಿಸುವಾಗ ಆಗುವ ತಪ್ಪು ಎರಡನೆಯದು. 5 ಮಿಲಿಗ್ರಾಂ ಪ್ರೆಡ್ನಿಸೋಲೋನಿಗೆ, ಇನ್ನೊಂದು ಸ್ಟಿರಾಯ್ಡ್ ಆದ ಡಿಫ್ಲಾಜಾಕಾರ್ಟ್ 6 ಮಿಲಿಗ್ರಾಂ ಸಮ. ಹಾಗಾಗಿ ಡಿಫ್ಲಾಜಾಕಾರ್ಟ್ ಕಿಲೋಗೆ 0.9. ಹದಿನೈದಕ್ಕೆ ಹದಿನೈದೇ ಬದಲಿಸಿದ್ದರೆ ಪ್ರಮಾಣ ತಾನಾಗಿ ಇಳಿದಿದೆ.

ಮೂರನೆಯದು ಬೇರೆ ಮದ್ದುಗಳ ಜಗಳ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಫೆನೋಬಾರ್ಬಿಟೋನ್ ಇವು ಯಕೃತ್ತಿನ ಕಿಣ್ವಗಳನ್ನು ಕೆರಳಿಸಿ ಸ್ಟಿರಾಯ್ಡನ್ನು ಬೇಗ ಒಡೆದುಹಾಕುತ್ತವೆ. ಇದನ್ನೇ 'ನಾಟಲಿಲ್ಲ' ಎಂದುಕೊಳ್ಳುವವರಿದ್ದಾರೆ. ಉಲ್ಟಾ ಕೂಡ ಇದೆ: ಕ್ಲಾರಿತ್ರೋಮೈಸಿನ್ ಜೊತೆ ಡಿಫ್ಲಾಜಾಕಾರ್ಟ್ ಕೊಡುವಾಗ ಮೂರನೇ ಒಂದು ಭಾಗ ಸಾಕು, ಇಲ್ಲದಿದ್ದರೆ ಹೆಚ್ಚಾಗುತ್ತದೆ.

ನಾಲ್ಕನೆಯದು ಸ್ನಾಯುವಿಗೆ ಸಂಬಂಧವೇ ಇಲ್ಲದ್ದು. ಹಿಮ್ಮಡಿಯ ಸ್ನಾಯುರಜ್ಜು ಬಿಗಿದು ತುದಿಗಾಲಲ್ಲಿ ನಡೆಯುವ ಹುಡುಗನ ಅಂಕ ಇಳಿಯುತ್ತದೆ. ಸ್ಟಿರಾಯ್ಡ್‌ನಿಂದ ಏರಿದ ತೂಕವನ್ನು ಅದೇ ಕಾಲು ಹೊರಬೇಕು. ಕಾಲು ಮುರಿದು ಆರು ವಾರ ಮಲಗಿದ್ದರೆ ಹೋದದ್ದು ಪೂರ್ತಿ ಬರುವುದಿಲ್ಲ. ಬೆನ್ನುನೋವಿದ್ದರೆ, ನೋವಿಲ್ಲದಿದ್ದರೂ, ಬೆನ್ನಿನ ಪಕ್ಕದ ಎಕ್ಸ್‌ರೇ ತೆಗೆಸಿ. ಸ್ಟಿರಾಯ್ಡ್ ಮೇಲಿರುವವರಿಗೆ ಒಂದೆರಡು ವರ್ಷಕ್ಕೊಮ್ಮೆ ಅದು ಬೇಕೇ ಬೇಕು, ಕಶೇರುಖಂಡ ಸದ್ದಿಲ್ಲದೆ ಕುಸಿದಿರುತ್ತದೆ.

ದಿನಾ ಕೊಡುವುದರ ಬದಲು ಹತ್ತು ದಿನ ಕೊಟ್ಟು ಹತ್ತು ದಿನ ಬಿಡುವ ಪದ್ಧತಿಯಲ್ಲಿದ್ದೀರಾ ನೋಡಿ. 196 ಹುಡುಗರನ್ನು ಮೂರು ವರ್ಷ ನೋಡಿದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ದಿನಾ ಪ್ರೆಡ್ನಿಸೋನ್ (ದೇಹದಲ್ಲಿ ಪ್ರೆಡ್ನಿಸೋಲೋನ್ ಆಗುವ ಮದ್ದು) ಅಥವಾ ದಿನಾ ಡಿಫ್ಲಾಜಾಕಾರ್ಟ್ ಪಡೆದವರ ಫಲಿತಾಂಶ ಬಿಟ್ಟುಬಿಟ್ಟು ಪಡೆದವರಿಗಿಂತ ಚೆನ್ನಾಗಿತ್ತು. ವಾರಾಂತ್ಯದ ಎರಡು ದಿನ ಮಾತ್ರ ಕಿಲೋಗೆ 5 ಮಿಲಿಗ್ರಾಂನಂತೆ ಕೊಡುವುದು ಇನ್ನೊಂದು ಪದ್ಧತಿ. 64 ಹುಡುಗರ ಒಂದು ವರ್ಷದ ಪ್ರಯೋಗದಲ್ಲಿ ಅದು ದಿನದ ಪ್ರಮಾಣಕ್ಕೆ ಸರಿಸಾಟಿಯಾಗಿತ್ತು, ಎತ್ತರ ಬೆಳೆಯುವುದು ಉತ್ತಮವಾಗಿತ್ತು. ಎರಡನ್ನೂ 'ಬಿಟ್ಟು ಕೊಡುವುದು' ಎಂದು ಒಂದೇ ಹೆಸರಿನಲ್ಲಿ ಕರೆಯುವುದರಿಂದ ಗೊಂದಲ.

ಇವೆಲ್ಲ ಸರಿಯಿದ್ದರೆ, ನೀವು ನೋಡುತ್ತಿರುವುದು ಕಾಯಿಲೆಯ ಸಹಜ ನಡೆ. ಸ್ಟಿರಾಯ್ಡ್ ಅದನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ. ನಡಿಗೆ ನಿಂತ ಮೇಲೂ ಕೈ, ಉಸಿರಾಟ, ಬೆನ್ನಿನ ನೇರ ಇವುಗಳಿಗಾಗಿ ಮುಂದುವರಿಸುವ ಕಾರಣವಿದೆ. 'ನಿಲ್ಲಿಸಿ ನೋಡೋಣ, ವ್ಯತ್ಯಾಸ ಆಗುತ್ತೋ ಇಲ್ಲವೋ' ಎಂಬ ಪ್ರಯೋಗ ಮಾತ್ರ ಮಾಡಬೇಡಿ. ಅದು ಜೀವಕ್ಕೇ ಕುತ್ತು, ಕೊನೆಯ ಉತ್ತರದಲ್ಲಿ ಕಾರಣವಿದೆ.

ಪ್ರಶ್ನೆ: ನನ್ನ ತಂಗಿಗೆ 23. ಎರಡು ವರ್ಷದಿಂದ ತುದಿಗಾಲಲ್ಲಿ ನಿಲ್ಲಲಾಗುತ್ತಿಲ್ಲ, ಮೀನಖಂಡ ಸಣ್ಣಗಾಗಿದೆ. ಸಿ.ಪಿ.ಕೆ. 9,000. ಬಯಾಪ್ಸಿಯಲ್ಲಿ ಉರಿಯೂತ ಎಂದು ಹೇಳಿ, ಪಾಲಿಮಯೋಸೈಟಿಸ್ ಎಂಬ ಸ್ನಾಯುವಿನ ಉರಿಯೂತದ ಕಾಯಿಲೆಗೆ ಒಂದು ವರ್ಷ ಸ್ಟಿರಾಯ್ಡ್ ಕೊಟ್ಟರು. ಚೂರೂ ಪ್ರಯೋಜನವಾಗಿಲ್ಲ.

ಉತ್ತರ: ಇಲ್ಲಿ ನಾಟದಿರುವುದೇ ದೊಡ್ಡ ಸೂಚಕ. ಹದಿಹರೆಯ ದಾಟಿದ ಮೇಲೆ ಮೀನಖಂಡದಿಂದ ಶುರು, ಸಿ.ಪಿ.ಕೆ. ಅತಿ ಹೆಚ್ಚು, ಬಯಾಪ್ಸಿಯಲ್ಲಿ ಉರಿಯೂತದ ಕಣಗಳು, ಸ್ಟಿರಾಯ್ಡ್‌ಗೆ ಬಗ್ಗದಿರುವುದು. ಇವೆಲ್ಲ ಸೇರಿದರೆ, ಸ್ನಾಯುಕೋಶದ ಪೊರೆಯನ್ನು ರಿಪೇರಿ ಮಾಡುವ ಡಿಸ್ಫರ್ಲಿನ್ ಎಂಬ ಪ್ರೋಟೀನಿನ ಕೊರತೆಯ ಸ್ನಾಯುಕ್ಷಯವನ್ನು ಮೊದಲು ಯೋಚಿಸಬೇಕು. ಪಾಲಿಮಯೋಸೈಟಿಸ್ ಎಂಬ ಹಣೆಪಟ್ಟಿ ಹೊತ್ತು ತಿರುಗುವವರಲ್ಲಿ ಇವರು ಕಡಿಮೆಯಿಲ್ಲ. ಡಿಸ್ಫರ್ಲಿನ್ ಜೀನ್ ಪರೀಕ್ಷೆ ಮಾಡಿಸಿ. ರಕ್ತದ ಮಾನೊಸೈಟ್ ಕಣಗಳಲ್ಲೂ ಡಿಸ್ಫರ್ಲಿನ್ ಇದೆಯೇ ಎಂದು ನೋಡಬಹುದು, ಮತ್ತೆ ಬಯಾಪ್ಸಿ ಬೇಕಾಗದು.

ಡಿಸ್ಫರ್ಲಿನ್ ಕೊರತೆ ಖಚಿತವಾದರೆ ಸ್ಟಿರಾಯ್ಡ್‌ಗೆ ಅಲ್ಲಿ ಜಾಗವಿಲ್ಲ. ಡಿಫ್ಲಾಜಾಕಾರ್ಟ್ ಕೊಟ್ಟು ನೋಡಿದ ನಿಯಂತ್ರಿತ ಪ್ರಯೋಗ 2013ರಲ್ಲಿ ಪ್ರಕಟವಾಗಿದೆ. ಲಾಭ ಆಗಲಿಲ್ಲ, ಶಕ್ತಿ ಇನ್ನಷ್ಟು ಇಳಿಯುವ ಒಲವು ಕಂಡಿತು. ಡುಶೆನ್‌ಗೆ ಒಳ್ಳೆಯದಾದ್ದು ಎಲ್ಲ ಸ್ನಾಯುಕ್ಷಯಕ್ಕೂ ಒಳ್ಳೆಯದು ಎಂದು ಭಾವಿಸಬಾರದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಜೀನ್ ವರದಿ ಬರುವ ಮೊದಲು ಎಚ್‌ಎಂಜಿಸಿಆರ್ ಪ್ರತಿಕಾಯ ಪರೀಕ್ಷೆಯನ್ನೂ ಮಾಡಿಸಿ. ಈ ಪ್ರತಿಕಾಯ ಇದ್ದರೆ ಅದು ದೇಹದ ರೋಗನಿರೋಧಕ ಶಕ್ತಿ ತನ್ನದೇ ಸ್ನಾಯುವಿನ ಮೇಲೆ ತಿರುಗಿಬೀಳುವ ಕಾಯಿಲೆ; ಸ್ನಾಯುಕ್ಷಯದ ವೇಷದಲ್ಲಿ ಬರುವ ಅದಕ್ಕೆ ಚಿಕಿತ್ಸೆ ಇದೆ, ಅದನ್ನು ತಪ್ಪಿಸಿಕೊಳ್ಳಬಾರದು. ಮಾತ್ರೆ ಬಿಡುವುದಾದರೆ ವೈದ್ಯರ ಲೆಕ್ಕದಂತೆ ಹಂತಹಂತವಾಗಿ.

ಪ್ರಶ್ನೆ: ಎಂ.ಆರ್.ಐ. ಮಾಡಿಸಿದರೆ ತಿಳಿಯುವುದಿಲ್ಲವೇ?

ಉತ್ತರ: ರಕ್ತಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ತೊಡೆಯ ಹೊರಭಾಗದ ಸ್ನಾಯುವಿನಲ್ಲಿ ಕೊಬ್ಬಿನ ಪಾಲು ಎಷ್ಟು ಎಂಬ ಅಂಕಿ, ನಡಿಗೆ ಯಾವಾಗ ನಿಲ್ಲಬಹುದು ಎಂಬುದರೊಂದಿಗೆ ಗಟ್ಟಿಯಾಗಿ ತಾಳೆಯಾಗುತ್ತದೆ. ಟಿ2 ಎಂಬ ಇನ್ನೊಂದು ಅಳತೆ ಸ್ಟಿರಾಯ್ಡ್ ಶುರುಮಾಡಿದ ಮೂರು ತಿಂಗಳಲ್ಲೇ ಇಳಿಯುವುದು ಕಂಡಿದೆ. ತೊಡಕೆಂದರೆ ಟಿ2 ಉರಿಯೂತಕ್ಕೂ ಏರುತ್ತದೆ, ಕೊಬ್ಬಿಗೂ ಏರುತ್ತದೆ. ಎರಡನ್ನೂ ಬೇರ್ಪಡಿಸಿ ಅಳೆಯದ ಕಡೆ ಮಾಡಿಸಿ ಪ್ರಯೋಜನವಿಲ್ಲ. 'ಮಾಮೂಲಿ ತೊಡೆಯ ಎಂ.ಆರ್.ಐ.' ವರದಿಯಲ್ಲಿ ಈ ಅಂಕಿಗಳು ಇರುವುದೇ ಇಲ್ಲ.

ಪ್ರಶ್ನೆ: ಮೂತ್ರದ ಟೈಟಿನ್ ಪರೀಕ್ಷೆ?

ಉತ್ತರ: ಟೈಟಿನ್ ಸ್ನಾಯುವಿನ ಒಂದು ಪ್ರೋಟೀನ್. ಈ ಪರೀಕ್ಷೆಯನ್ನು ಸೂಜಿಯಿಲ್ಲದ ಸಿ.ಪಿ.ಕೆ. ಎಂದುಕೊಳ್ಳಿ. ಸ್ನಾಯು ಒಡೆಯುತ್ತಿದೆ ಎಂದು ಹೇಳುತ್ತದೆ, ಸ್ಟಿರಾಯ್ಡ್ ಫಲ ಮುಂದಾಗಿ ಹೇಳುವುದಿಲ್ಲ.

ಪ್ರಶ್ನೆ: ವಾಮೊರೊಲೋನ್ ಎಂಬ ಹೊಸ ಸ್ಟಿರಾಯ್ಡ್‌ಗೆ ಅಡ್ಡಪರಿಣಾಮವೇ ಇಲ್ಲವಂತೆ. ಹಾಗಾದರೆ ಅದನ್ನು ಬೇಕಾದಾಗ ನಿಲ್ಲಿಸಬಹುದಲ್ಲವೇ? ಬೆಳಗಿನ ಕಾರ್ಟಿಸಾಲ್ ನೋಡಿ ತೀರ್ಮಾನಿಸಬಹುದೇ?

ಉತ್ತರ: 'ಕಡಿಮೆ' ಎಂಬುದು ಬಾಯಿಂದ ಬಾಯಿಗೆ ಬರುವಷ್ಟರಲ್ಲಿ 'ಇಲ್ಲ' ಆಗಿದೆ. ನಾಲ್ಕರಿಂದ ಏಳು ವರ್ಷದೊಳಗಿನ 121 ಹುಡುಗರ ಪ್ರಯೋಗದಲ್ಲಿ ಕಿಲೋಗೆ 6 ಮಿಲಿಗ್ರಾಂ ಪ್ರಮಾಣ 24 ವಾರದಲ್ಲಿ ಏಳುವ ವೇಗವನ್ನು ಹೆಚ್ಚಿಸಿತು. ಪ್ರೆಡ್ನಿಸೋನ್ ಪಡೆದವರಲ್ಲಿ ಇಳಿದಂತೆ ಮೂಳೆಯ ಸೂಚಕಗಳು ಇಳಿಯಲಿಲ್ಲ, ಎತ್ತರವೂ ಕುಂಠಿತವಾಗಲಿಲ್ಲ. ಅಮೆರಿಕದಲ್ಲಿ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಬಯೋಮಾರ್ಕರ್‌ಗಳು ಒಂದು ಮದ್ದನ್ನು ಆರಿಸಲು ನಿಜಕ್ಕೂ ನೆರವಾದ ಉದಾಹರಣೆ ಇದು. ಆದರೆ ದೇಹದ ಸ್ವಂತ ಸ್ಟಿರಾಯ್ಡ್ ಆದ ಕಾರ್ಟಿಸಾಲನ್ನು ತಯಾರಿಸುವ ಅಡ್ರಿನಲ್ ಗ್ರಂಥಿಯನ್ನು ಮಲಗಿಸುವುದರಲ್ಲಿ ಇದೂ ಸ್ಟಿರಾಯ್ಡೇ. ಥಟ್ಟನೆ ನಿಲ್ಲಿಸಿದರೆ ದೇಹಕ್ಕೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ; ಅದು ಜೀವಕ್ಕೇ ಕುತ್ತು, ಹಾಗಾಗಿ ಬೇಕಾದಾಗ ನಿಲ್ಲಿಸುವಂತಿಲ್ಲ. ತೂಕ ಏರುವುದೂ ಇದೆ. ದ್ರವರೂಪದ ಮದ್ದು ಮಿಲಿಲೀಟರಿಗೆ 40 ಮಿಲಿಗ್ರಾಂ ಇರುತ್ತದೆ. 20 ಕಿಲೋ ಮಗುವಿಗೆ 120 ಮಿಲಿಗ್ರಾಂ ಅಂದರೆ 3 ಮಿಲಿಲೀಟರ್, ಚಮಚದಲ್ಲಲ್ಲ, ಸಿರಿಂಜಿನಲ್ಲಿ ಅಳೆಯಿರಿ.

ದಿನಾ ಪೂರ್ಣ ಪ್ರಮಾಣದಲ್ಲಿರುವಾಗ ಕಾರ್ಟಿಸಾಲ್ ಪರೀಕ್ಷೆಗೆ ಅರ್ಥವಿಲ್ಲ. ಗ್ರಂಥಿ ಮಲಗಿದೆ ಎಂದೇ ತಿಳಿದು ನಡೆದುಕೊಳ್ಳಬೇಕು. ಅದರ ಉಪಯೋಗ ಪ್ರಮಾಣ ಇಳಿಸುತ್ತಾ ಕೊನೆಗೆ ಬಂದಾಗ. ಆಗಲೂ ಬೆಳಿಗ್ಗೆ ಎಂಟರ ಹೊತ್ತಿಗೆ, ಆ ದಿನದ ಮಾತ್ರೆಗೆ ಮೊದಲೇ ರಕ್ತ ತೆಗೆಯಬೇಕು. ಹಲವು ಯಂತ್ರಗಳು ಪ್ರೆಡ್ನಿಸೋಲೋನನ್ನೇ ಕಾರ್ಟಿಸಾಲ್ ಎಂದು ಎಣಿಸಿ, ಮಲಗಿದ ಗ್ರಂಥಿ ಎದ್ದಿದೆ ಎಂದು ಸುಳ್ಳು ವರದಿ ಕೊಡುತ್ತವೆ.

ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದೆ 24 ಗಂಟೆಯಾದರೆ, ಮೂಳೆ ಮುರಿದರೆ, ಶಸ್ತ್ರಚಿಕಿತ್ಸೆ ಇದ್ದರೆ, ತೀವ್ರ ಜ್ವರದಲ್ಲಿ ಮಂಪರು ಬಂದರೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಬೇಕು. ಮೂರು ವರ್ಷದೊಳಗೆ 25 ಮಿಲಿಗ್ರಾಂ, ಮೂರರಿಂದ ಹನ್ನೆರಡರವರೆಗೆ 50, ಆಮೇಲೆ 100. ಈ ಅಂಕಿಗಳನ್ನೂ ಮಗು ತೆಗೆದುಕೊಳ್ಳುತ್ತಿರುವ ಸ್ಟಿರಾಯ್ಡ್ ಹೆಸರನ್ನೂ ಡಾಕ್ಟರಿಂದ ಒಂದು ಚೀಟಿಯಲ್ಲಿ ಬರೆಸಿ ಶಾಲೆಯ ಚೀಲದಲ್ಲಿ ಒಂದು, ನಿಮ್ಮ ಪರ್ಸಿನಲ್ಲಿ ಒಂದು ಇಡಿ. ಪ್ರಮಾಣ ಬದಲಾದಾಗಲೆಲ್ಲ ಎರಡೂ ಚೀಟಿ ಬದಲಾಗಲಿ.